ದತ್ತು ಒಪ್ಪದ ಡಾಲ್‌ಹೌಸಿಗೂ ಗಂಡು ಸಂತಾನವಿರಲಿಲ್ಲ

1860ರ ಡಿಸೆಂಬರ್ 19ರಂದು ಸ್ಕಾಟ್ಲೆಂಡಿನ ಎಡಿನ್‌ಬರೋ ಸಮೀಪದ ಡಾಲ್‌ಹೌಸಿ ಕೋಟೆಯಲ್ಲಿ, ಊರುಗೋಲಿನ ಆಸರೆಯಲ್ಲಿ ಕೊನೆಯ ವರ್ಷಗಳನ್ನು ಕಳೆದಿದ್ದ 48 ವರ್ಷದ ವ್ಯಕ್ತಿಯೊಬ್ಬ ಕೊನೆಯುಸಿರೆಳೆದ. ಆತನೊಂದಿಗೆ 11 ವರ್ಷಗಳ ಹಿಂದಷ್ಟೇ ಸೃಷ್ಟಿಯಾಗಿದ್ದ ಮಾರ್ಕ್ವೆಸ್ ಪದವಿಯೂ ಅಳಿಯಿತು. ಕಾರಣ ಸರಳ. ಆತನಿಗೆ ಇಬ್ಬರು ಹೆಣ್ಣುಮಕ್ಕಳಿದ್ದರು, ಗಂಡು ಮಕ್ಕಳಿರಲಿಲ್ಲ.

ಈತನೇ ಲಾರ್ಡ್ ಡಾಲ್‌ಹೌಸಿ. ಸತಾರಾ, ನಾಗಪುರ, ಝಾನ್ಸಿ ಸಂಸ್ಥಾನಗಳನ್ನು ಔರಸ ಪುತ್ರರಿಲ್ಲವೆಂಬ ಒಂದೇ ಕಾರಣಕ್ಕೆ ಕಂಪನಿ ಸರ್ಕಾರಕ್ಕೆ ಸೇರಿಸಿಕೊಂಡ ಗವರ್ನರ್ ಜನರಲ್. ‘ದತ್ತು ಮಕ್ಕಳಿಗೆ ಹಕ್ಕಿಲ್ಲ’ ಎಂಬ ನೀತಿಯ ಹೆಸರಿನಲ್ಲಿ ನಮ್ಮ ಶಾಲಾ ಪಠ್ಯಗಳಲ್ಲಿ ಕಾಯಂ ಸ್ಥಾನ ಪಡೆದಿರುವಾತ. ಆದರೆ ಆತ ಬಂದ ಮನೆತನದ ಕಥೆ ಪಠ್ಯಗಳಲ್ಲಿ ಇಲ್ಲ. ವಾರಸುದಾರಿಕೆಯೆಂಬ ವಿಷಯ ಆ ಮನೆತನವನ್ನೂ ಬಿಡದೆ ಕಾಡಿತ್ತು.

ಡಾಲ್‌ಹೌಸಿಯದು ರಾಮ್ಸೆ ವಂಶ. ಹನ್ನೆರಡನೆಯ ಶತಮಾನದಲ್ಲಿ ಸ್ಕಾಟ್ಲೆಂಡಿನ ದೊರೆ ಒಂದನೇ ಡೇವಿಡ್‌ನ ಕಾಲಕ್ಕೆ ಅಲ್ಲಿ ನೆಲೆನಿಂತ ಕುಟುಂಬ. ಇಂಗ್ಲೆಂಡಿಗೆ ತಾನು ಅಧೀನವಲ್ಲವೆಂದು ಸ್ಕಾಟ್ಲೆಂಡ್ 1320ರಲ್ಲಿ ಪೋಪ್‌ಗೆ ಕಳುಹಿಸಿದ ಆರ್‌ಬ್ರೋತ್ ಘೋಷಣೆಯಲ್ಲಿ ವಿಲಿಯಂ ರಾಮ್ಸೆಯ ಹೆಸರಿದೆ. ಈ ವಂಶದ ಮಧ್ಯಯುಗದ ವೀರನೆಂದರೆ ಸರ್ ಅಲೆಕ್ಸಾಂಡರ್ ರಾಮ್ಸೆ. 1338ರಲ್ಲಿ ಇಂಗ್ಲಿಷರ ಮುತ್ತಿಗೆಗೆ ಸಿಲುಕಿದ್ದ ಡನ್‌ಬಾರ್ ಕೋಟೆಗೆ ಸಮುದ್ರದ ಕಡೆಯಿಂದ ಆಹಾರ ತಲುಪಿಸಿದ ಸಾಹಸಿ ಈತ. 1342ರಲ್ಲಿ ರಾಕ್ಸ್‌ಬರೋ ಕೋಟೆಯನ್ನು ಗೆದ್ದಾಗ ದೊರೆ ಮೆಚ್ಚಿ ಟೆವಿಯಟ್‌ಡೇಲ್ ಪ್ರಾಂತದ ಅಧಿಕಾರವನ್ನು ಕೊಟ್ಟ. ಆ ಅಧಿಕಾರ ತನ್ನದೆಂದು ನಂಬಿದ್ದ ವಿಲಿಯಂ ಡಗ್ಲಸ್ ಅದೇ ವರ್ಷ ಆತನನ್ನು ಸೆರೆಹಿಡಿದು ಹರ್ಮಿಟೇಜ್ ಕೋಟೆಯ ನೆಲಮಾಳಿಗೆಯಲ್ಲಿ ಅನ್ನವಿಲ್ಲದೆ ಸಾಯಲು ಬಿಟ್ಟ. ಮೇಲಿನ ಕಣಜದ ಬಿರುಕಿನಿಂದ ಉದುರುತ್ತಿದ್ದ ಕಾಳುಗಳನ್ನು ಆಯ್ದು ತಿಂದು ಆತ 17 ದಿನ ಜೀವ ಹಿಡಿದಿದ್ದನೆಂದು ಕಥೆ ಹೇಳುತ್ತದೆ. ಹಸಿದವರಿಗೆ ಅನ್ನ ಮುಟ್ಟಿಸಿದವನೇ ಹಸಿವಿನಿಂದ ಸತ್ತ.

1633ರಲ್ಲಿ ಮನೆತನಕ್ಕೆ ಅರ್ಲ್ ಪದವಿ ದೊರೆಯಿತು. ಅಲ್ಲಿಂದ ಮುಂದಿನ ಒಂದೂವರೆ ಶತಮಾನದ ಅರ್ಲ್‌ಗಳ ಪೈಕಿ ಹೊರಜಗತ್ತು ನೆನಪಿಡುವಂಥವರು ಕಡಿಮೆ. ಒಂಬತ್ತನೆಯ ಅರ್ಲ್ ಜಾರ್ಜ್ ರಾಮ್ಸೆ, ಅಂದರೆ ನಮ್ಮ ಗವರ್ನರ್ ಜನರಲ್‌ನ ತಂದೆ, ಪೆನಿನ್ಸುಲರ್ ಯುದ್ಧದಲ್ಲಿ ಪಾಲ್ಗೊಂಡವನು, ಕಾದಂಬರಿಕಾರ ವಾಲ್ಟರ್ ಸ್ಕಾಟ್‌ನ ಸಹಪಾಠಿ. ಕೆನಡಾದಲ್ಲಿ ಆಡಳಿತ ನಡೆಸುತ್ತಿದ್ದಾಗ ಹ್ಯಾಲಿಫ್ಯಾಕ್ಸ್ ನಗರದಲ್ಲಿ 1818ರಲ್ಲಿ ಆತ ಸ್ಥಾಪಿಸಿದ ಕಾಲೇಜು ಇಂದು ಡಾಲ್‌ಹೌಸಿ ವಿಶ್ವವಿದ್ಯಾಲಯ. ನಂತರ 1830ರಿಂದ 1832ರವರೆಗೆ ಭಾರತದಲ್ಲಿ ಬ್ರಿಟಿಷ್ ಸೇನೆಯ ದಂಡನಾಯಕನಾಗಿದ್ದ. ಜೊತೆಗಿದ್ದ ಪತ್ನಿ ಕ್ರಿಸ್ಟಿಯನ್ ಬ್ರೌನ್ ಸಸ್ಯಶಾಸ್ತ್ರದಲ್ಲಿ ಗಟ್ಟಿ ಆಸಕ್ತಿಯಿದ್ದವಳು. ಕೆನಡಾದಲ್ಲಿಯೂ ಶಿಮ್ಲಾದಲ್ಲಿಯೂ ಗಿಡಗಳನ್ನು ಸಂಗ್ರಹಿಸಿದಳು. ‘ಡಾಲ್‌ಹೌಸಿಯಾ’ ಎಂಬ ಸಸ್ಯಕುಲಕ್ಕೆ ಹೆಸರು ಬಂದದ್ದು ಈಕೆಯಿಂದ.

ಈ ಕ್ರಿಸ್ಟಿಯನ್ ಬ್ರೌನ್, ಕೋಲ್‌ಸ್ಟನ್ ಎಂಬ ಪುರಾತನ ಎಸ್ಟೇಟಿನ ವಾರಸುದಾರಳು. ಆ ಮನೆಯಲ್ಲಿ ಒಂದು ಮರಸೇಬು, ಅಂದರೆ ಪೇರ್ ಹಣ್ಣು, ಪೆಟ್ಟಿಗೆಯಲ್ಲಿ ಇಟ್ಟು ಶತಮಾನಗಳಿಂದ ಕಾಪಾಡಲ್ಪಟ್ಟಿತ್ತು. ಮಾಂತ್ರಿಕನೆಂದು ಹೆಸರಾಗಿದ್ದ ಯೆಸ್ಟರ್‌ನ ಗಿಫರ್ಡ್ ತನ್ನ ಮಗಳನ್ನು ಬ್ರೌನ್ ಮನೆಗೆ ಕೊಟ್ಟಾಗ ಬಳುವಳಿಯಾಗಿ ನೀಡಿದ್ದ ಹಣ್ಣು ಅದು ಎಂಬುದು ನಂಬಿಕೆ. ಹಣ್ಣು ಹಾಳಾಗದೆ ಉಳಿದಷ್ಟು ಕಾಲ ಮನೆ ಉಳಿಯುತ್ತದಂತೆ. ಗಂಡನ ಮನೆಯಲ್ಲಿಯೂ ಇಂಥದೇ ಒಂದು ಪ್ರತೀತಿಯಿತ್ತು. ಡಾಲ್‌ಹೌಸಿ ಕೋಟೆಯ ಬಳಿಯ ಓಕ್ ಮರದ ಕೊಂಬೆ ಮುರಿದು ಬಿದ್ದರೆ ವಂಶದಲ್ಲೊಂದು ಸಾವು ಖಚಿತ ಎನ್ನುತ್ತಿದ್ದರು. ಎರಡೂ ಕಥೆಗಳ ಒಳಗಿರುವುದು ಒಂದೇ ಭಯ, ಮನೆ ನಿಂತುಹೋದೀತೆಂಬ ಭಯ.

ಜೇಮ್ಸ್ ಆಂಡ್ರ್ಯೂ ಬ್ರೌನ್-ರಾಮ್ಸೆ ಹುಟ್ಟಿದ್ದು 1812ರ ಏಪ್ರಿಲ್ 22ರಂದು, ಮೂರನೆಯ ಮಗನಾಗಿ. ಆತನಿಗೆ ಪದವಿ ಬರುವ ಸಂಭವವೇ ಇರಲಿಲ್ಲ. ಇಬ್ಬರು ಅಣ್ಣಂದಿರೂ ತಂದೆಗಿಂತ ಮೊದಲೇ ತೀರಿಕೊಂಡದ್ದರಿಂದ 1838ರಲ್ಲಿ ಹತ್ತನೆಯ ಅರ್ಲ್ ಆದ. ಹ್ಯಾರೋ ಶಾಲೆ, ಆಕ್ಸ್‌ಫರ್ಡ್, ಒಂದು ಚುನಾವಣೆಯಲ್ಲಿ ಸೋಲು, ಮತ್ತೊಂದರಲ್ಲಿ ಗೆಲುವು ಎಲ್ಲವೂ ಅದಕ್ಕೆ ಮೊದಲೇ ಆಗಿಹೋಗಿದ್ದವು. 1836ರಲ್ಲಿ ಕೈಹಿಡಿದದ್ದು ಟ್ವೀಡ್‌ಡೇಲ್ ಮಾರ್ಕ್ವೆಸ್‌ನ ಮಗಳು ಸೂಸನ್ ಹೇಯನ್ನು. ಆ ಮಾವ ಮುಂದೆ ಮದರಾಸಿನ ಗವರ್ನರ್ ಆದ. ವ್ಯಾಪಾರ ಮಂಡಳಿಯ ಹೊಣೆ ಹೊತ್ತಿದ್ದಾಗ ಬ್ರಿಟನ್ನಿನ ರೈಲ್ವೆ ಹುಚ್ಚಿನ ದಿನಗಳನ್ನು ಹತ್ತಿರದಿಂದ ಕಂಡ. ಆ ಅನುಭವವೇ ಭಾರತಕ್ಕೆ ರೈಲು ತಂತು ಎನ್ನಲಡ್ಡಿಯಿಲ್ಲ.

1848ರ ಜನವರಿಯಲ್ಲಿ ಕಲ್ಕತ್ತೆಯಲ್ಲಿ ಅಧಿಕಾರ ವಹಿಸಿಕೊಂಡಾಗ ಆತನಿಗೆ 35 ವರ್ಷ. ಮರುವರ್ಷವೇ ಸಿಖ್ಖರೊಂದಿಗಿನ ಎರಡನೆಯ ಯುದ್ಧ ಮುಗಿದು ಪಂಜಾಬ್ ಕಂಪನಿಯ ವಶವಾಯಿತು. ಮಾರ್ಕ್ವೆಸ್ ಪದವಿ ಬಂದದ್ದು ಆ ಗೆಲುವಿಗೆ. ಬಾಲಕ ಮಹಾರಾಜ ದುಲೀಪ್ ಸಿಂಗ್‌ನಿಂದ ಪಡೆದ ಕೊಹಿನೂರ್ ವಜ್ರವನ್ನು ಲಾಹೋರಿನಿಂದ ಮುಂಬಯಿಯವರೆಗೆ ಸ್ವತಃ ಮೈಮೇಲೆ ಧರಿಸಿ ಒಯ್ದವನೂ ಈತನೇ.

ದತ್ತು ನಿರಾಕರಣೆ ಡಾಲ್‌ಹೌಸಿಯ ಆವಿಷ್ಕಾರವಲ್ಲ ಎಂಬುದನ್ನು ಇಲ್ಲಿ ಹೇಳಬೇಕು. 1824ರಲ್ಲಿ ಕಿತ್ತೂರಿನ ದತ್ತಕವನ್ನು ಥ್ಯಾಕರೆ ಒಪ್ಪದೆ, ರಾಣಿ ಚೆನ್ನಮ್ಮ ಖಡ್ಗ ಹಿಡಿದಾಗ ಡಾಲ್‌ಹೌಸಿಗೆ ಹನ್ನೆರಡು ವರ್ಷ. ಭಾಷಣಗಳಲ್ಲಿ ಕಿತ್ತೂರಿನ ಪತನವನ್ನು ಆತನ ಲೆಕ್ಕಕ್ಕೆ ಬರೆಯುವವರು ಇದನ್ನು ಮರೆಯುತ್ತಾರೆ. ಅಲ್ಲೊಂದು ಇಲ್ಲೊಂದು ಎಂಬಂತೆ ಬಳಕೆಯಾಗುತ್ತಿದ್ದ ಅಸ್ತ್ರವನ್ನು ವ್ಯವಸ್ಥಿತವಾಗಿ, ಸಂದರ್ಭ ಸಿಕ್ಕಾಗಲೆಲ್ಲ ಪ್ರಯೋಗಿಸಿದ್ದು ಡಾಲ್‌ಹೌಸಿಯ ಕೆಲಸ. 1848ರಲ್ಲಿ ಸತಾರಾ, ಮರುವರ್ಷ ಸಂಬಲ್‌ಪುರ, 1854ರಲ್ಲಿ ನಾಗಪುರ ಮತ್ತು ಝಾನ್ಸಿ ಹೀಗೆಯೇ ಹೋದವು. ರಾಜಸ್ಥಾನದ ಕರೌಲಿಯನ್ನು ಮಾತ್ರ ಲಂಡನ್ನಿನ ನಿರ್ದೇಶಕರು ಉಳಿಸಿದರು. ಆತನ ವಾದ ಇದು: ದತ್ತುಪುತ್ರನು ತಂದೆಯ ಖಾಸಗಿ ಆಸ್ತಿ ಪಡೆಯಲಿ, ಶ್ರಾದ್ಧ ಮಾಡಲಿ, ರಾಜ್ಯಾಧಿಕಾರಕ್ಕೆ ಮಾತ್ರ ಸಾರ್ವಭೌಮ ಸರ್ಕಾರದ ಒಪ್ಪಿಗೆ ಬೇಕು.

ಈ ವಾದ ಎಲ್ಲಿಂದ ಹುಟ್ಟಿತೆಂದು ತಿಳಿಯಲು ರಾಮ್ಸೆಗಳ ನಾಡನ್ನು ನೋಡಬೇಕು. ಡಾಲ್‌ಹೌಸಿಯ ಸ್ಕಾಟ್ಲೆಂಡಿನಲ್ಲಿ ಕಾನೂನುಬದ್ಧ ದತ್ತು ಎಂಬುದೇ ಇರಲಿಲ್ಲ. ಅಲ್ಲಿ ಅದಕ್ಕೆ ಕಾಯಿದೆ ಬಂದದ್ದು 1930ರಲ್ಲಿ. ಶ್ರೀಮಂತ ಪದವಿಗಳಿಗಂತೂ ರಕ್ತಸಂಬಂಧವೊಂದೇ ಪ್ರಮಾಣ. ಮಗನಿಲ್ಲದಿದ್ದರೆ ದಾಯಾದಿಗೆ, ದಾಯಾದಿಯೂ ಇಲ್ಲದಿದ್ದರೆ ಪದವಿ ಅಲ್ಲಿಗೆ ಮುಕ್ತಾಯ. ಹಿಂದೂ ಧರ್ಮಶಾಸ್ತ್ರದಲ್ಲಿ ದತ್ತಕನು ಮಗನಷ್ಟೇ ಮಗ. ಈ ಭೇದ ಡಾಲ್‌ಹೌಸಿಗೆ ತಿಳಿಯದೆ ಇರಲಿಲ್ಲ. ತಿಳಿದೂ ತನ್ನ ಸಾಮ್ರಾಜ್ಯಕ್ಕೆ ಲಾಭವಾಗುವ ಅಳತೆಗೋಲನ್ನು ಆರಿಸಿಕೊಂಡ ಎಂಬುದೇ ಆತನ ಮೇಲಿನ ಆರೋಪದ ತಿರುಳು. ಅವಧ್‌ನಲ್ಲಿ ವಾರಸುದಾರರಿಗೆ ಕೊರತೆಯಿರಲಿಲ್ಲ; 1856ರಲ್ಲಿ ಅದನ್ನು ದುರಾಡಳಿತದ ಹೆಸರಿನಲ್ಲಿ ಕಿತ್ತುಕೊಳ್ಳಲಾಯಿತು.

ಕನ್ನಡ ನಾಡಿಗೂ ಈ ಆಡಳಿತದ ಬಿಸಿ ತಟ್ಟಿತು. 1853ರ ಒಪ್ಪಂದದಲ್ಲಿ ನಿಜಾಮನು ಬೇರಾರ್‌ನೊಂದಿಗೆ ರಾಯಚೂರು ದೋಆಬ್ ಪ್ರದೇಶವನ್ನೂ ಕಂಪನಿಯ ಆಡಳಿತಕ್ಕೆ ಬಿಟ್ಟುಕೊಡಬೇಕಾಯಿತು. ಅದು ಮರಳಿದ್ದು 1860ರಲ್ಲಿ. ದತ್ತಕಕ್ಕೆ ಅನುಮತಿ ಸಿಗದ ನರಗುಂದದ ಭಾಸ್ಕರರಾವ್, ಅಂದರೆ ಬಾಬಾಸಾಹೇಬ, 1858ರಲ್ಲಿ ಬಂಡೆದ್ದು ಬೆಳಗಾವಿಯಲ್ಲಿ ಗಲ್ಲಿಗೇರಿದ.

ಮೈಸೂರಿನ ಕಥೆ ಬೇರೆ. 1831ರಿಂದಲೇ ಆಡಳಿತ ಕಂಪನಿಯ ಕೈಯಲ್ಲಿತ್ತು. ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಔರಸ ಪುತ್ರರಿರಲಿಲ್ಲ. 1855ರಲ್ಲಿ ದಕ್ಷಿಣಕ್ಕೆ ಬಂದು ನೀಲಗಿರಿಯಲ್ಲಿ ತಿಂಗಳುಗಟ್ಟಲೆ ತಂಗಿದ್ದ ಡಾಲ್‌ಹೌಸಿ ಶ್ರೀರಂಗಪಟ್ಟಣದ ದರಿಯಾ ದೌಲತ್ ಅರಮನೆಯನ್ನು ಕಂಡ. ಅಲ್ಲಿನ ಗೋಡೆಯ ಮೇಲೆ, ಪೊಲ್ಲಿಲೂರಿನಲ್ಲಿ ಹೈದರ್ ಮತ್ತು ಟಿಪ್ಪು ಇಂಗ್ಲಿಷರನ್ನು ಸೋಲಿಸಿದ ಯುದ್ಧಚಿತ್ರ ಮಾಸಿಹೋಗಿತ್ತು. ಅದನ್ನು ಮತ್ತೆ ಬರೆಸಲು ಆಜ್ಞೆ ಮಾಡಿದವನು ಈತ. ತನ್ನವರ ಸೋಲಿನ ಚಿತ್ರವನ್ನು ಉಳಿಸಿದ್ದಕ್ಕಾಗಿ ಆತನನ್ನು ಮೆಚ್ಚಲೇಬೇಕು. ಆದರೆ ಮರುವರ್ಷದ ಟಿಪ್ಪಣಿಯಲ್ಲಿ ಮೈಸೂರಿನ ಅರಸರಿಗೆ 62 ಆಯಿತು, ವಾರಸುದಾರರಿಲ್ಲ, ಹೆಚ್ಚು ಕಾಲ ಬದುಕಲಾರರು, ಬಳಿಕ ರಾಜ್ಯ ನಮ್ಮದು ಎಂಬರ್ಥದ ಲೆಕ್ಕಾಚಾರವನ್ನು ದಾಖಲಿಸಿದ. ಮುಮ್ಮಡಿಯವರು ಬದುಕಿದ್ದು 1868ರವರೆಗೆ, ಅಂದರೆ ಡಾಲ್‌ಹೌಸಿ ಸತ್ತ ಮೇಲೂ ಏಳು ವರ್ಷಕ್ಕೂ ಹೆಚ್ಚು ಕಾಲ. 1865ರಲ್ಲಿ ಅವರು ದತ್ತು ಪಡೆದ ಚಾಮರಾಜೇಂದ್ರರಿಗೆ 1867ರಲ್ಲಿ ಲಂಡನ್ ಮಾನ್ಯತೆ ನೀಡಿತು. 1881ರಲ್ಲಿ ರಾಜ್ಯ ಒಡೆಯರಿಗೆ ಮರಳಿತು.

ರೈಲು, ತಂತಿ, ಅರ್ಧ ಆಣೆಯ ಅಂಚೆ ಚೀಟಿ, ಗಂಗಾ ಕಾಲುವೆ ಎಲ್ಲವೂ ಈ ಎಂಟು ವರ್ಷಗಳವೇ. ಮೊದಲ ರೈಲು 1853ರ ಏಪ್ರಿಲ್ 16ರಂದು ಮುಂಬಯಿಯಿಂದ ಠಾಣೆಗೆ ಓಡಿತು. ಅದೇ ವರ್ಷ ಅನಾರೋಗ್ಯದಿಂದ ತಾಯ್ನಾಡಿಗೆ ಹೊರಟಿದ್ದ ಪತ್ನಿ ಸೂಸನ್ ಹಡಗಿನಲ್ಲಿಯೇ ಮೃತಪಟ್ಟಳು. ಸುದ್ದಿ ತಲುಪಿದ ಮೇಲೆ ಡಾಲ್‌ಹೌಸಿ ಮತ್ತಷ್ಟು ಕೆಲಸದಲ್ಲಿ ಮುಳುಗಿದ. ಹಿರಿಯ ಮಗಳು, ಅವಳ ಹೆಸರೂ ಸೂಸನ್, ತಂದೆಯ ಜೊತೆಗಿರಲು ಭಾರತಕ್ಕೆ ಬಂದಳು. 1856ರ ಮಾರ್ಚ್‌ನಲ್ಲಿ ಕಲ್ಕತ್ತೆ ಬಿಟ್ಟಾಗ ಆತ ನಡೆಯಲಾರದ ರೋಗಿ. ಮರುವರ್ಷ ಉತ್ತರ ಭಾರತ ಹೊತ್ತಿ ಉರಿದಾಗ ಬ್ರಿಟನ್ನಿನಲ್ಲೇ ಅನೇಕರು ಆತನತ್ತ ಬೆರಳು ತೋರಿದರು. ಆತ ಬಹಿರಂಗವಾಗಿ ಉತ್ತರಿಸಲಿಲ್ಲ. ಆತ ಕಣ್ಮುಚ್ಚುವ ವೇಳೆಗಾಗಲೇ ಉತ್ತರಾಧಿಕಾರಿ ಕ್ಯಾನಿಂಗ್, ರಾಜರ ದತ್ತಕಗಳಿಗೆ ಮಾನ್ಯತೆ ನೀಡುವ ಹೊಸ ನೀತಿಗೆ ಮುಂದಾಗಿದ್ದ.

ಡಾಲ್‌ಹೌಸಿಯ ಅರ್ಲ್ ಪದವಿ ದಾಯಾದಿ ಫಾಕ್ಸ್ ಮಾಲ್‌ಗೆ ಹೋಯಿತು. ಆತನೂ 1874ರಲ್ಲಿ ಮಕ್ಕಳಿಲ್ಲದೆ ತೀರಿಕೊಂಡ. ಅಂದು ಓಕ್ ಮರದ ಕೊಂಬೆ ಮುರಿದಿತ್ತೆಂದು ಹೇಳುವವರಿದ್ದರು. ಪದವಿ ಮತ್ತೊಂದು ಶಾಖೆಗೆ ದಾಟಿತು. ಕೆಂಪು ಕಲ್ಲಿನ ಕೋಟೆ 1972ರಲ್ಲಿ ಹೋಟೆಲಾಯಿತು.

ತಾಯಿಯ ಕಡೆಯ ಕೋಲ್‌ಸ್ಟನ್‌ಗೆ ಈ ಗೊಡವೆ ಇರಲಿಲ್ಲ. ಅದು ಹೆಣ್ಣುಮಕ್ಕಳ ಮೂಲಕವೇ ಸಾಗಿತು. ಹಿರಿಯ ಮಗಳು ಸೂಸನ್ ಅದನ್ನು ಪಡೆದಳು. ಮದರಾಸಿನ ಗವರ್ನರ್ ಆದ ಲಾರ್ಡ್ ಕನ್ನೆಮಾರಾನನ್ನು ವರಿಸಿ, 1890ರಲ್ಲಿ ವಿಚ್ಛೇದನ ಪಡೆದವಳು ಈಕೆ. ಈಕೆಯ ನಂತರ ಎಸ್ಟೇಟು ಕಿರಿಯ ಮಗಳು ಎಡಿತ್‌ಳ ಸಂತತಿಗೆ ಹೋಯಿತು. ತನ್ನ ಖಾಸಗಿ ಕಾಗದಪತ್ರಗಳನ್ನು ಐವತ್ತು ವರ್ಷ ಪ್ರಕಟಿಸಕೂಡದೆಂದು ಡಾಲ್‌ಹೌಸಿ ಉಯಿಲಿನಲ್ಲಿ ವಿಧಿಸಿದ್ದ. ಅವಧಿ ತುಂಬಿದ 1910ರಲ್ಲಿ ಆತನ ಪತ್ರಗಳು ಪುಸ್ತಕವಾಗಿ ಹೊರಬಂದವು. ಸಂಪಾದಿಸಿದ್ದು ಜೆ.ಜಿ.ಎ. ಬೇರ್ಡ್, ಎಡಿತ್‌ಳ ಮಗಳ ಗಂಡ.