ಪಿ. ಕಾಳಿಂಗರಾವ್

ಪಾಂಡೇಶ್ವರ ಕಾಳಿಂಗರಾವ್ (1914–1981) ಕನ್ನಡ ಸುಗಮ ಸಂಗೀತಕ್ಕೆ ಅಸ್ತಿಭಾರ ಹಾಕಿದ ಗಾಯಕರು ಹಾಗೂ ಚಲನಚಿತ್ರ ಸಂಗೀತ ನಿರ್ದೇಶಕರು. ಇಂದಿನ ಉಡುಪಿ ಜಿಲ್ಲೆಯ ಆರೂರು ಅವರ ಜನ್ಮಸ್ಥಳ.

ತಂದೆ ನಾರಾಯಣರಾಯರು ಯಕ್ಷಗಾನ ಕಲಾವಿದರು. ಹೀಗಾಗಿ ಹಾಡು ಮತ್ತು ಅಭಿನಯ ಅವರಿಗೆ ಮನೆಯಲ್ಲಿಯೇ ದೊರೆತ ವಿದ್ಯೆಗಳು. ಎಳೆಯ ವಯಸ್ಸಿನಲ್ಲಿಯೇ ಮುಂಡಾಜೆ ರಂಗನಾಥ ಭಟ್ಟರ ನಾಟಕ ಮಂಡಳಿಯನ್ನು ಸೇರಿ ಬಣ್ಣ ಹಚ್ಚಿದರು. ಧ್ವನಿವರ್ಧಕವಿಲ್ಲದ ಕಾಲದ ರಂಗಭೂಮಿಯಲ್ಲಿ ಕೊನೆಯ ಸಾಲಿನ ಪ್ರೇಕ್ಷಕನಿಗೂ ಮಾತು ಬಿಡಿಬಿಡಿಯಾಗಿ ಕೇಳಿಸಬೇಕಿತ್ತು. ಅವರ ಗಾಯನದಲ್ಲಿ ಸಾಹಿತ್ಯ ಎಂದೂ ಮಸುಕಾಗದಿರುವುದಕ್ಕೆ ಈ ಹಿನ್ನೆಲೆಯೂ ಕಾರಣವಿರಬೇಕು. ಮುಂದೆ ಶಾಸ್ತ್ರೀಯ ಸಂಗೀತವನ್ನು ಅಭ್ಯಸಿಸಿ ಮದರಾಸಿನಲ್ಲಿ ನೆಲೆಸಿದ್ದರು. ‘ಕೃಷ್ಣಲೀಲಾ’ (1947), ‘ಅಬ್ಬಾ ಆ ಹುಡುಗಿ’ (1959) ಚಿತ್ರಗಳಿಗೆ ಸಂಗೀತ ನೀಡಿದರು.

ಚಲನಚಿತ್ರಗಳಿಗಿಂತಲೂ ಅವರಿಗೆ ಹೆಸರು ತಂದುದು ಊರೂರುಗಳ ಕಾರ್ಯಕ್ರಮಗಳು. ಸೋದರಿಯರಾದ ಮೋಹನಕುಮಾರಿ, ಸೋಹನಕುಮಾರಿ ಅವರೊಡನೆ ಹಾಡುತ್ತಿದ್ದರು. ಮೂವರ ಈ ತಂಡವನ್ನು ಹೊರತುಪಡಿಸಿ ಕಾಳಿಂಗರಾಯರನ್ನು ನೆನೆಯುವುದು ಕಷ್ಟ. ದಾಸರ ಪದ, ಜನಪದ ಗೀತೆ, ಜಿ. ಪಿ. ರಾಜರತ್ನಂ ಅವರ ‘ರತ್ನನ ಪದಗಳು’, ತೀರ್ಥಹಳ್ಳಿ ಸೀಮೆಯ ಕುವೆಂಪು ಅವರ ಕವನ, ಎಲ್ಲವೂ ಒಂದೇ ವೇದಿಕೆಯಲ್ಲಿ ಸಲ್ಲುತ್ತಿದ್ದವು. ಪುಸ್ತಕ ಓದಲಾರದವರ ಬಾಯಲ್ಲಿಯೂ ಕವಿತೆ ನಿಂತದ್ದು ಸಾಮಾನ್ಯ ಸಾಧನೆಯಲ್ಲ.

ಆ ಹಾದಿಯನ್ನು ಮೈಸೂರು ಅನಂತಸ್ವಾಮಿ ಮುಂದುವರಿಸಿದರು. ಹೊಸನಗರ ತಾಲ್ಲೂಕಿನ ನಗರದಲ್ಲಿ ಜನಿಸಿದ ಶಿವಮೊಗ್ಗ ಸುಬ್ಬಣ್ಣ ಅದೇ ಪರಂಪರೆಗೆ ಸೇರಿದವರು. ‘ಕಾಡು ಕುದುರೆ’ ಚಿತ್ರದ ಗಾಯನಕ್ಕಾಗಿ ಅವರಿಗೆ ರಾಷ್ಟ್ರಪ್ರಶಸ್ತಿ ಸಂದಿತು.