58ರಲ್ಲಿ 42ನೆಯವನು

ಹಾಸ್ಟೆಲ್‌ನ ಮೊದಲ ರಾತ್ರಿ ನೆನಪಿದೆಯಾ? 1779ರಲ್ಲಿ ಫ್ರಾನ್ಸ್‌ನ ಬ್ರಿಯೆನ್ ಸೈನಿಕ ಶಾಲೆ ಸೇರಿದಾಗ ನೆಪೋಲಿಯನ್‌ಗೆ 9 ವರ್ಷ. ಮನೆ ಇದ್ದದ್ದು ಸಮುದ್ರದಾಚೆಯ ಕಾರ್ಸಿಕಾ ದ್ವೀಪದಲ್ಲಿ. ಫ್ರೆಂಚ್ ಕಲಿಯತೊಡಗಿ ಕೆಲವೇ ತಿಂಗಳಾಗಿತ್ತು. ಉಚ್ಚಾರಣೆ ಕೇಳಿ ಸಹಪಾಠಿಗಳು ಆಡಿಕೊಳ್ಳುತ್ತಿದ್ದರು. ರಜೆಗೂ ಊರಿಗೆ ಹೋಗುವಂತಿಲ್ಲ. ಐದು ವರ್ಷಕ್ಕೂ ಹೆಚ್ಚು ಕಾಲ ಅಲ್ಲೇ. ಹುಡುಗ ಪುಸ್ತಕ ಹಿಡಿದು ಒಬ್ಬನೇ ಕೂರತೊಡಗಿದ. ಇತಿಹಾಸವೆಂದರೆ ಪ್ರಾಣ, ಗಣಿತದಲ್ಲಿ ಚುರುಕು. ಫ್ರೆಂಚ್ ಕಾಗುಣಿತ ಮಾತ್ರ ಕೊನೆಯವರೆಗೂ ತಪ್ಪುತ್ತಲೇ ಇತ್ತು (ನನಗಿದು ಸಮಾಧಾನದ ವಿಷಯ!).

1784ರಲ್ಲಿ ಪ್ಯಾರಿಸ್‌ನ ಸೈನಿಕ ಶಾಲೆಗೆ ಹೋದ. ಕೆಲವೇ ತಿಂಗಳಲ್ಲಿ ಅಪ್ಪ ತೀರಿಕೊಂಡರು, ಮನೆಯಲ್ಲಿ ದುಡ್ಡಿಗೆ ತೊಂದರೆ. ಎರಡು ವರ್ಷದ ಓದನ್ನು ಒಂದೇ ವರ್ಷದಲ್ಲಿ ಮುಗಿಸಿ ಪರೀಕ್ಷೆ ಬರೆದ. ಆಯ್ಕೆಯಾದ 58 ಮಂದಿಯಲ್ಲಿ 42ನೇ ಸ್ಥಾನ. 16ನೇ ವಯಸ್ಸಿಗೆ ಫಿರಂಗಿ ದಳದಲ್ಲಿ ಕೆಲಸ ಸಿಕ್ಕಿತು. ಮುಂದೆ ತಮ್ಮ ಲೂಯಿಯನ್ನೂ ಜೊತೆಗಿಟ್ಟುಕೊಂಡು ಆ ಸಂಬಳದಲ್ಲೇ ಸಾಕಿದ, ಪಾಠವನ್ನೂ ಹೇಳಿಕೊಟ್ಟ.