ವೈಟ್‌ಫೀಲ್ಡಿಗೆ ಹೆಸರು ಕೊಟ್ಟ ಡಿ. ಎಸ್. ವೈಟ್



ವೈಟ್‌ಫೀಲ್ಡ್ ಎಂಬ ಹೆಸರು ನಿಮ್ಮ ಬಾಯಲ್ಲಿ ದಿನಕ್ಕೆ ಎಷ್ಟು ಸಲ ಬರುತ್ತದೆ? ಬಸ್ಸಿನ ಬೋರ್ಡಿನಲ್ಲಿ, ಮೆಟ್ರೋ ನಿಲ್ದಾಣದಲ್ಲಿ, ಕಂಪನಿಗಳ ವಿಳಾಸದಲ್ಲಿ ಅದನ್ನು ಓದುತ್ತಲೇ ಇರುತ್ತೀರಿ. ಅದು ಬಿಳಿಯ ಹೊಲವಲ್ಲ, ಒಬ್ಬ ವ್ಯಕ್ತಿಯ ನೆನಪು. ತನ್ನ ಜನರಿಗೆ ತಮ್ಮದೆನ್ನುವ ಒಂದು ಊರು ಬೇಕೆಂದು ದುಡಿದ ಡೇವಿಡ್ ಇಮ್ಯಾನುಯೆಲ್ ಸ್ಟಾರ್ಕೆನ್‌ಬರ್ಗ್ ವೈಟ್ ಅವರ ನೆನಪು.

ವೈಟ್ 1832ರಲ್ಲಿ ಜನಿಸಿದರು. ಮದ್ರಾಸಿನ ಶಿಕ್ಷಣ ಇಲಾಖೆಯಲ್ಲಿ ನೌಕರಿಯಲ್ಲಿದ್ದರು. ಅವರದು ಆಗ ಯುರೇಷಿಯನ್ ಎಂದು ಕರೆಸಿಕೊಳ್ಳುತ್ತಿದ್ದ, ಇಂದು ನಾವು ಆಂಗ್ಲೋ ಇಂಡಿಯನ್ ಎನ್ನುವ ಸಮುದಾಯ. ತಂದೆಯ ಕಡೆ ಐರೋಪ್ಯ ರಕ್ತ, ತಾಯಿಯ ಕಡೆ ಭಾರತದ ರಕ್ತ. ಈ ಜನರ ಕಷ್ಟ ಅವರ ಹುಟ್ಟಿನಲ್ಲಿ ಇರಲಿಲ್ಲ, ಅವರನ್ನು ಎಣಿಸುವವರ ಲೆಕ್ಕದಲ್ಲಿ ಇತ್ತು. 1791ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಭಾರತೀಯ ತಾಯಿಯ ಮಕ್ಕಳಿಗೆ ತನ್ನ ಮೇಲಿನ ಹುದ್ದೆಗಳ ಬಾಗಿಲು ಮುಚ್ಚಿತು. 1795ರಲ್ಲಿ ಸೈನ್ಯದಲ್ಲಿ ಅವರಿಗೆ ಉಳಿದದ್ದು ಕೊಳಲು ಊದುವ, ಡೋಲು ಬಾರಿಸುವ, ಕುದುರೆಗೆ ಲಾಳ ಕಟ್ಟುವಂಥ ಕೆಲಸ. ವೈಟ್ ಹುಟ್ಟುವುದಕ್ಕೆ ಎರಡು ವರ್ಷ ಮೊದಲು, 1830ರಲ್ಲಿ, ಜಾನ್ ರಿಕೆಟ್ಸ್ ಎಂಬವರು ಈ ಜನರ ಮನವಿಯನ್ನು ಲಂಡನ್ನಿನ ಪಾರ್ಲಿಮೆಂಟಿಗೆ ಒಯ್ದರು. ಹಿಂದೂಗಳಿಗೆ ಹಿಂದೂ ಕಾನೂನು, ಮುಸ್ಲಿಮರಿಗೆ ಮುಸ್ಲಿಂ ಕಾನೂನು, ಇಂಗ್ಲಿಷರಿಗೆ ಇಂಗ್ಲಿಷ್ ಕಾನೂನು ಇದೆ, ನಮ್ಮ ಮದುವೆಗೆ, ಆಸ್ತಿಗೆ ಯಾವ ಕಾನೂನು ಎಂಬುದು ಅವರ ಅಳಲು.

ಮುಂದೆ ಬಾಗಿಲು ತೆರೆದು ಸರಕಾರಿ ಗುಮಾಸ್ತಿಕೆ ಸಿಕ್ಕಿತಾದರೂ ಇಡೀ ಸಮುದಾಯ ಅದನ್ನೇ ನೆಚ್ಚಿಕೊಂಡಿತು. ಪರರ ಕೃಪೆಯ ಸಂಬಳ ಇಂದು ಇದ್ದು ನಾಳೆ ಹೋಗಬಹುದು. ಇದನ್ನು ಕಂಡ ವೈಟ್ 1879ರಲ್ಲಿ ಮದ್ರಾಸಿನಲ್ಲಿ ಯುರೇಷಿಯನ್ ಮತ್ತು ಆಂಗ್ಲೋ ಇಂಡಿಯನ್ ಸಂಘವನ್ನು ಕಟ್ಟಿದರು. ನಮ್ಮವರು ಮಣ್ಣಿನಲ್ಲಿ ದುಡಿಯಲಿ, ಬೆಳೆ ಬೆಳೆಯಲಿ, ಈ ನಾಡಿನಲ್ಲಿ ಬೇರು ಬಿಡಲಿ ಎಂಬುದು ಅವರ ಆಸೆ. 1882ರಲ್ಲಿ ಮೈಸೂರಿನ ಮಹಾರಾಜ ಹತ್ತನೆಯ ಚಾಮರಾಜೇಂದ್ರ ಒಡೆಯರು ಮೈಸೂರು ಮತ್ತು ಕೊಡಗಿನ ಸಂಘಕ್ಕೆ ಬೆಂಗಳೂರಿನ ಪೂರ್ವಕ್ಕೆ 3,900 ಎಕರೆ ಭೂಮಿ ಕೊಟ್ಟರು. ಅಲ್ಲಿ ಎದ್ದ ಊರಿಗೆ ವೈಟ್ ಅವರ ಹೆಸರೇ ನಿಂತಿತು. 1889ರಲ್ಲಿ ಅವರು ತೀರಿಕೊಂಡರು.

ಅವರ ಕನಸು ಪೂರ್ತಿ ನನಸಾಯಿತೇ? ಇಲ್ಲ. 1907ರ ಹೊತ್ತಿಗೂ ಅಲ್ಲಿ ಇದ್ದದ್ದು ಸುಮಾರು 45 ಮನೆ, 130 ಜನ. ಭೂಮಿ ನೆಲೆ ಕೊಟ್ಟಿತು, ಆದರೆ ನೀವು ಯಾರು ಎಂಬ ಪ್ರಶ್ನೆ ಮುಗಿಯಲಿಲ್ಲ. 1920ರ ದಶಕದಲ್ಲೂ ಸರಕಾರ ಇದೇ ಜನರನ್ನು ನೌಕರಿಯ ಲೆಕ್ಕಕ್ಕೆ ಭಾರತೀಯರೆಂದೂ ದೇಶದೊಳಗಿನ ರಕ್ಷಣೆಯ ಲೆಕ್ಕಕ್ಕೆ ಐರೋಪ್ಯರೆಂದೂ ಎಣಿಸುತ್ತಿತ್ತು.

ಅವರು ದೇಶವಿಲ್ಲದವರೇನೂ ಆಗಿರಲಿಲ್ಲ, ಅರಸೊತ್ತಿಗೆಯ ಪ್ರಜೆಗಳಾಗಿದ್ದರು. ಆದರೆ ಅದೇ ದಾರಿಯ ತುದಿಯಲ್ಲಿ ಏನಿದೆ ಎಂಬುದನ್ನು ಹನ್ನಾ ಅರೆಂಟ್ ಎಂಬ ತತ್ವಜ್ಞಾನಿ ಬಾಳಿ ಕಂಡರು. ಯೆಹೂದ್ಯರಾದ ಆಕೆ 1933ರಲ್ಲಿ ಜರ್ಮನಿಯಿಂದ ಓಡಿಹೋದರು. ಪೌರತ್ವ ಕಳೆದುಕೊಂಡು, 1951ರಲ್ಲಿ ಅಮೆರಿಕದ ಪ್ರಜೆಯಾಗುವವರೆಗೆ ಯಾವ ದೇಶಕ್ಕೂ ಸೇರದೆ ಬದುಕಿದರು. ಮಾನವ ಹಕ್ಕುಗಳು ಮನುಷ್ಯನಾಗಿ ಹುಟ್ಟಿದ ಮಾತ್ರಕ್ಕೆ ಬರುತ್ತವೆ ಎನ್ನುತ್ತೇವೆ. ಆದರೆ ದೇಶ ಕೈಬಿಟ್ಟು ಬರೀ ಮನುಷ್ಯನಾಗಿ ಉಳಿದವನಿಗೇ ಅವು ಸಿಗುವುದಿಲ್ಲ ಎಂಬುದು ಆಕೆಯ ಕಹಿ ಅನುಭವದ ವಿಚಾರ.

ನಮ್ಮ ಸಂವಿಧಾನ ರಚಿಸಿದವರು ಈ ಅಪಾಯ ಅರಿತಿದ್ದರೆನ್ನಬೇಕು. ಮತ ಹಾಕುವಂಥ ಕೆಲವು ಹಕ್ಕುಗಳನ್ನು ನಾಗರಿಕರಿಗೆ ಮೀಸಲಿಟ್ಟರು. ಆದರೆ ಕಾನೂನಿನ ಮುಂದೆ ಸಮಾನತೆಯ 14ನೆಯ ವಿಧಿ, ಜೀವ ಮತ್ತು ಸ್ವಾತಂತ್ರ್ಯದ 21ನೆಯ ವಿಧಿ ನಾಗರಿಕ ಎನ್ನುವುದಿಲ್ಲ, ವ್ಯಕ್ತಿ ಎನ್ನುತ್ತವೆ. ಕಾಗದ ಇಲ್ಲದವರೂ ಆ ಪದದ ಒಳಗಿದ್ದಾರೆ.

ಆದರೂ 2020ರ ಜನವರಿಯಲ್ಲಿ ಏನಾಯಿತು? ವೈಟ್‌ಫೀಲ್ಡಿಗೆ ದೂರವಲ್ಲದ ಬೆಳ್ಳಂದೂರಿನ ಕರಿಯಮ್ಮನ ಅಗ್ರಹಾರದಲ್ಲಿ ವಲಸೆ ಕಾರ್ಮಿಕರ ಗುಡಿಸಲುಗಳನ್ನು ಅವರು ಬಾಂಗ್ಲಾದೇಶದವರೆಂಬ ಸಂಶಯದ ಮೇಲೆ ಕೆಡವಲಾಯಿತು. ಅಲ್ಲಿದ್ದ ಅನೇಕರು ನಮ್ಮ ಉತ್ತರ ಕರ್ನಾಟಕದವರು, ಅಸ್ಸಾಮಿನವರು, ತ್ರಿಪುರಾದವರು. ಕರ್ನಾಟಕ ಹೈಕೋರ್ಟು ಈ ಕ್ರಮವನ್ನು ಒಪ್ಪಲಿಲ್ಲ. ಆದರೆ ಒಂದು ಮಾತು ಗಮನಿಸಿ. ಅವರೆಲ್ಲ ಹೊರದೇಶದವರೇ ಆಗಿದ್ದರೂ, ವಿಚಾರಣೆಯಿಲ್ಲದೆ ಮಗುವಿನ ತಲೆಯ ಮೇಲಿನ ಸೂರು ಕಿತ್ತುಹಾಕುವುದು ನ್ಯಾಯವಾಗುತ್ತಿತ್ತೇ?

ನಿಮ್ಮ ಮನೆಯ ಕೆಲಸಕ್ಕೆ ಬರುವ ಹೆಂಗಸು, ನಿಮ್ಮ ಕಟ್ಟಡದ ಕಾವಲುಗಾರ, ಪಕ್ಕದ ಶೆಡ್ಡಿನ ಗಾರೆ ಕೆಲಸದವನು ಯಾವ ಊರಿನವರು ಎಂದು ನಿಮ್ಮ ಮಕ್ಕಳು ಕೇಳಿದರೆ, ಮೊದಲು ಅವರ ಹೆಸರು ತಿಳಿದುಕೊಂಡು ಬಾ ಎನ್ನಿ. ಆಮೇಲೆ ವೈಟ್ ಅವರ ಕಥೆ ಹೇಳಿ. ನಾವು ಈಗ ನಮ್ಮದೆನ್ನುವ ಈ ಊರನ್ನು, ಎರಡೂ ಕಡೆಯವರ ಲೆಕ್ಕಕ್ಕೆ ಪೂರ್ತಿ ಸೇರದ ಜನರಿಗಾಗಿ ಒಮ್ಮೆ ಕಟ್ಟಲಾಗಿತ್ತೆಂದು ಅವರಿಗೂ ತಿಳಿಯಲಿ.